ವಲಸೆ ಬಂದವರಿಗೆ ಊರಲ್ಲೊಂದು ಕೇಂದ್ರ: ಮೊದಲು ಬಾಗಿಲು ತೆರೆಯುವ ಹೊತ್ತು ನೋಡಿ

ಪ್ರಶ್ನೆ: ನಾವು ಮಂಗಳೂರು ಹತ್ತಿರದ ಕುಳಾಯಿ ಕಡೆಯವರು. ನಮ್ಮ ಯುವಕ ಮಂಡಲಕ್ಕೆ ಸ್ವಂತ ಕಟ್ಟಡ ಇದೆ. ಒಂದು ಹಾಲ್, ಎರಡು ಕೋಣೆ, ಪಕ್ಕದಲ್ಲಿ ಸಣ್ಣ ಮೈದಾನ. ಮೊಸರುಕುಡಿಕೆ, ವಾರ್ಷಿಕೋತ್ಸವ ಬಿಟ್ಟರೆ ವರ್ಷವಿಡೀ ಖಾಲಿ. ಸುತ್ತಮುತ್ತ ಬೈಕಂಪಾಡಿಯ ಫ್ಯಾಕ್ಟರಿಗೆ, ಕಟ್ಟಡ ಕೆಲಸಕ್ಕೆ ಬಂದ ಒಡಿಶಾ, ಜಾರ್ಖಂಡ್, ಬಿಹಾರ, ಬಂಗಾಳದ ಹುಡುಗರು ತುಂಬಾ ಇದ್ದಾರೆ. ಕೊಪ್ಪಳ, ಬಾಗಲಕೋಟೆ ಕಡೆಯ ಕುಟುಂಬಗಳೂ ಇವೆ. ಇವರಿಗಾಗಿ ಕಟ್ಟಡವನ್ನು ಒಂದು ಸಮುದಾಯ ಕೇಂದ್ರ ಮಾಡುವ ಆಸೆ. ಹೋದ ವರ್ಷ ರಾಜ್ಯೋತ್ಸವಕ್ಕೆ ಎಲ್ಲರನ್ನೂ ಕರೆದೆವು, ಬಂದವರು ಬೆರಳೆಣಿಕೆಯಷ್ಟು. ಎಲ್ಲಿಂದ ಶುರು ಮಾಡಬೇಕು? ಯಾವ ಸೇವೆ ಕೊಡಬೇಕು, ಯಾವ ಸಾಂಸ್ಕೃತಿಕ ಕಾರ್ಯಕ್ರಮ ಇಡಬೇಕು?

ಉತ್ತರ: ಮೊದಲಿಗೆ, ಖಾಲಿ ಬಿದ್ದ ಹಾಲ್ ಅನ್ನು ಮದುವೆಗೆ ಬಾಡಿಗೆಗೆ ಕೊಡದೆ ಹೀಗೆ ಯೋಚಿಸಿದ್ದೀರಲ್ಲ, ಅದಕ್ಕೇ ಖುಷಿ ಆಯ್ತು.

ಜನ ಯಾಕೆ ಬರಲಿಲ್ಲ ಅನ್ನುವುದರಿಂದ ಶುರು ಮಾಡುವ. ನಮ್ಮ ಕಡೆಯ ಕಾರ್ಯಕ್ರಮಗಳ ರೀತಿ ಗೊತ್ತಲ್ಲ ಮಾರಾಯ್ರೆ. ಸಂಜೆ ಐದಕ್ಕೆ ಸಭೆ, ವೇದಿಕೆಯಲ್ಲಿ ಹತ್ತು ಹನ್ನೆರಡು ಕುರ್ಚಿ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಮುಗಿದು ಮಕ್ಕಳ ಡ್ಯಾನ್ಸ್ ಶುರುವಾಗುವಾಗ ಎಂಟು ಗಂಟೆ. ಸೈಟ್ ಕೆಲಸದವನು ಸಿಮೆಂಟ್ ತೊಳೆದುಕೊಂಡು ಕೋಣೆಗೆ ಬರುವುದೇ ಆರೂವರೆ, ಏಳಕ್ಕೆ. ಆಮೇಲೆ ಅಕ್ಕಿ ತೊಳೆದು ಒಲೆ ಹಚ್ಚಬೇಕು, ಊರಿಗೆ ಫೋನ್ ಮಾಡಬೇಕು, ಬೆಳಿಗ್ಗೆ ಮತ್ತೆ ಏಳಬೇಕು. ಫ್ಯಾಕ್ಟರಿಯವರಿಗೆ ಶಿಫ್ಟ್. ಅರ್ಥವಾಗದ ಭಾಷೆಯಲ್ಲಿ ಭಾಷಣ ಕೇಳುವುದಕ್ಕೆ ಯಾರಾದರೂ ನಿದ್ದೆ ಬಿಡುತ್ತಾರಾ?

ಹಾಗಾಗಿ ನನ್ನ ಸಲಹೆ, ಮೊದಲ ಆರು ತಿಂಗಳು ವೇದಿಕೆಯ ಸುದ್ದಿಗೇ ಹೋಗಬೇಡಿ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಪ್ರಿಂಟರ್, ಹಿಂದಿ ಮಾತಾಡುವ ಒಬ್ಬ ಮನುಷ್ಯ. ವಾರದಲ್ಲಿ ಎರಡು ದಿನ ರಾತ್ರಿ ಏಳೂವರೆಯಿಂದ ಒಂಬತ್ತೂವರೆ, ಆದಿತ್ಯವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಮಳೆ ಬರಲಿ, ಬಂದ್ ಇರಲಿ, ಆ ಹೊತ್ತಿಗೆ ಬಾಗಿಲು ತೆರೆದಿರಲೇಬೇಕು. ಎರಡು ಸಲ ಬಂದು ಬೀಗ ನೋಡಿ ಹೋದವನು ಮೂರನೇ ಸಲ ಬರುವುದಿಲ್ಲ, ಅವನ ಕೋಣೆಯ ಉಳಿದ ಏಳು ಜನರೂ ಬರುವುದಿಲ್ಲ.

ಇದು ನನ್ನ ಸ್ವಂತ ಆವಿಷ್ಕಾರ ಏನಲ್ಲ. ನಮ್ಮ ಅಜ್ಜಂದಿರು ಮುಂಬೈಗೆ ಹೋದಾಗ ಮಾಡಿಕೊಂಡದ್ದೇ ಇದು. ಅಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಹೋಟೆಲಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದರು. ಆ ಶಾಲೆಗಳು ನಡೆದದ್ದು ಯಾಕೆಂದರೆ ಅವು ರಾತ್ರಿ ಶಾಲೆಗಳಾಗಿದ್ದವು, ಅಷ್ಟೇ. ಕೆಲಸ ಬಿಟ್ಟು ಬಾ ಅಂತ ಯಾರೂ ಹೇಳಲಿಲ್ಲ. ಯಕ್ಷಗಾನ, ನಾಟಕ ಎಲ್ಲ ಇತ್ತು, ಆದರೆ ಅದನ್ನು ಮಾಡಿದ್ದು ನಮ್ಮವರೇ, ಮುಂಬೈಯವರು ನಮಗೆ ಮಾಡಿಕೊಟ್ಟದ್ದಲ್ಲ. ನಿಮ್ಮ ಮಂಡಲದ ಹಿರಿಯರಲ್ಲಿ ಮುಂಬೈಯಲ್ಲಿದ್ದು ಬಂದವರು ಖಂಡಿತ ಇರುತ್ತಾರೆ. ಅವರನ್ನು ಕೂರಿಸಿ ಕೇಳಿ, ಅಲ್ಲಿ ಹೋದ ಮೊದಲ ವರ್ಷ ನಿಮಗೆ ಏನು ಬೇಕಿತ್ತು ಅಂತ. ನನ್ನ ಈ ಇಡೀ ಉತ್ತರಕ್ಕಿಂತ ಜಾಸ್ತಿ ಉಪಯೋಗ ಆದೀತು.

ಈಗ ಮೇಜಿನ ಮೇಲೆ ಏನು ಬರುತ್ತದೆ ಅಂತ ಹೇಳುತ್ತೇನೆ.

ಮೊದಲು ಬರುವುದು ರೇಷನ್. ಬೇರೆ ರಾಜ್ಯದ ಕಾರ್ಡಿಗೆ ಇಲ್ಲಿ ಅಕ್ಕಿ ಸಿಗುತ್ತದೆ ಅನ್ನುವುದು ಆ ಹುಡುಗರಿಗೆ ಬಿಡಿ, ನಮ್ಮವರಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ. 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿದೆ. 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಬಂದಾಯ್ತು, ಕೊನೆಗೆ ಸೇರಿದ್ದು ಅಸ್ಸಾಂ. ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡ್ ಇದ್ದರೆ, ಆಧಾರ್ ಜೋಡಣೆ ಆಗಿದ್ದರೆ, ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ತಲೆಗೆ ಐದು ಕೆಜಿ ಪಡೆಯಬಹುದು. ಕಾರ್ಡನ್ನು ಕೈಯಲ್ಲಿ ಹಿಡಿದು ಬರಬೇಕಾಗಿಲ್ಲ, ನಂಬರ್ ಗೊತ್ತಿದ್ದರೆ ಸಾಕು. ಕರ್ನಾಟಕ ಸರಕಾರ ತನ್ನ ಲೆಕ್ಕದಲ್ಲಿ ಕೊಡುವ ಹೆಚ್ಚುವರಿ ಮಾತ್ರ ಹೊರ ರಾಜ್ಯದ ಕಾರ್ಡಿಗೆ ಬರುವುದಿಲ್ಲ.

ಇಲ್ಲಿ ಎರಡು ತೊಡಕು ಇವೆ. ಒಂದು, ಹುಡುಗರಿಗೆ ಹೆದರಿಕೆ: ನಾನು ಇಲ್ಲಿ ತೆಗೆದುಕೊಂಡರೆ ಊರಲ್ಲಿ ಅಮ್ಮನಿಗೆ ನಿಂತುಹೋಗುತ್ತದಾ? ಇಲ್ಲ. ತನ್ನ ಪಾಲು ಮಾತ್ರ ಇಲ್ಲಿ ಎತ್ತಬಹುದು, ಉಳಿದವರ ಪಾಲು ಊರಲ್ಲೇ ಸಿಗುತ್ತದೆ. ಇಡೀ ಕುಟುಂಬದ್ದು ಇಲ್ಲೇ ಎತ್ತಿದರೆ ಮಾತ್ರ ಆ ತಿಂಗಳು ಊರಲ್ಲಿ ಇಲ್ಲ. ಎರಡು, ಬೆರಳಚ್ಚು. ಗಾರೆ ಕೆಲಸ ಮಾಡುವವರ ಬೆರಳು ಸಿಮೆಂಟ್‌ಗೆ ಸವೆದು ಮೆಷಿನ್ ಹಿಡಿಯುವುದೇ ಇಲ್ಲ. ಅಂಗಡಿಯವರು ಎರಡು ಸಲ ನೋಡಿ 'ಆಗುವುದಿಲ್ಲ' ಅಂತ ಕಳಿಸಿಬಿಡುತ್ತಾರೆ. ಕಣ್ಣಿನ ಸ್ಕ್ಯಾನ್ ಅಥವಾ ಮೊಬೈಲಿಗೆ ಒಟಿಪಿ ಅಂತ ದಾರಿ ಇದೆ, ಆದರೆ ಒಟಿಪಿ ಬರಬೇಕಾದ ನಂಬರ್ ಮೂರು ವರ್ಷದ ಹಿಂದೆ ರೈಲಲ್ಲಿ ಕಳೆದುಹೋದ ಫೋನಿನದ್ದು! ಅದಕ್ಕೇ ನಿಮ್ಮ ಕೇಂದ್ರದ ಮೊದಲ ದೊಡ್ಡ ಕೆಲಸ ಆಧಾರ್‌ಗೆ ಈಗಿನ ಮೊಬೈಲ್ ನಂಬರ್ ಸೇರಿಸುವುದು ಆಗಿರಲಿ. ಅದನ್ನು ಮಾಡಲಿಕ್ಕೆ ಊರಿಗೆ ಹೋಗಬೇಕಾಗಿಲ್ಲ, ದೇಶದ ಯಾವ ಆಧಾರ್ ಕೇಂದ್ರದಲ್ಲೂ ಆಗುತ್ತದೆ. ಆಧಾರ್ ಸೌಲಭ್ಯ ಇರುವ ಅಂಚೆ ಕಚೇರಿಯವರನ್ನು ವಿಚಾರಿಸಿ, ಒಂದು ಆದಿತ್ಯವಾರ ನಿಮ್ಮ ಹಾಲ್‌ನಲ್ಲೇ ಕ್ಯಾಂಪ್ ಮಾಡಿಕೊಡುತ್ತೀರಾ ಅಂತ. ನೂರು ಸಾಂಸ್ಕೃತಿಕ ಸಂಜೆಗಿಂತ ಅಂಥ ಒಂದು ಕ್ಯಾಂಪ್ ನಿಮ್ಮ ಹೆಸರನ್ನು ಬೈಕಂಪಾಡಿಯವರೆಗೆ ಮುಟ್ಟಿಸುತ್ತದೆ.

ಒಂದು ಎಚ್ಚರ. ಆಧಾರ್ ನೋಡಿ, ಕೆಲಸ ಮಾಡಿಕೊಡಿ, ವಾಪಸ್ ಕೊಡಿ. ಜೆರಾಕ್ಸ್ ಇಟ್ಟುಕೊಳ್ಳಬೇಡಿ. ಇವರ ದಾಖಲೆ ಹಿಡಿದು ಬೇರೆಯವರು ಸಿಮ್ ತೆಗೆಯುವುದು, ಎರಡು ಮೂರು ಸಾವಿರ ಕೊಟ್ಟು ಇವರ ಬ್ಯಾಂಕ್ ಅಕೌಂಟನ್ನೇ ಸೈಬರ್ ವಂಚನೆಗೆ ಬಳಸುವುದು ನಡೆಯುತ್ತಾ ಇದೆ. ಅಕೌಂಟ್ ಯಾರಿಗೂ ಬಾಡಿಗೆಗೆ ಕೊಡಬೇಡಿ ಅಂತ ಗೋಡೆ ಮೇಲೆ ಹಿಂದಿ, ಒಡಿಯಾ, ಬಂಗಾಳಿಯಲ್ಲಿ ದೊಡ್ಡದಾಗಿ ಬರೆಸಿ. ಓದಲು ಬಾರದವರಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ಕರಪತ್ರ ಹಂಚುವುದು ಸುಮ್ನೆ ಕಾಗದ ದಂಡ.

ಎರಡನೆಯದು ಕೂಲಿ. ಇಲ್ಲಿ ಸ್ವಲ್ಪ ನಿಧಾನ ಹೇಳಬೇಕು, ಯಾಕೆಂದರೆ ಜಗಳ ಎಲ್ಲ ಹುಟ್ಟುವುದು ಇಲ್ಲೇ. ಊರಿಂದ ಕರೆತಂದ ಮೇಸ್ತ್ರಿ ಅಥವಾ ಸರದಾರ ವಾರಕ್ಕೊಮ್ಮೆ 'ಖರ್ಚಿ' ಅಂತ ಒಂದಿಷ್ಟು ಕೈಗೆ ಕೊಡುತ್ತಾನೆ. ಉಳಿದದ್ದು ಊರಿಗೆ ಹೋಗುವಾಗ ಲೆಕ್ಕ. ಆರು ತಿಂಗಳ ಮೇಲೆ ಲೆಕ್ಕಕ್ಕೆ ಕೂತಾಗ ಇವನ ನೆನಪಿನಲ್ಲಿ 150 ಹಾಜರಿ, ಮೇಸ್ತ್ರಿಯ ಪುಸ್ತಕದಲ್ಲಿ 128. ಅರ್ಧ ಹಾಜರಿ, ಓಟಿ, ಮುಂಗಡ, ಆಸ್ಪತ್ರೆಗೆ ಕೊಟ್ಟದ್ದು, ಮೊಬೈಲ್ ತೆಗೆಸಿಕೊಟ್ಟದ್ದು, ಎಲ್ಲ ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ರೈಲು ಮರುದಿನ. ಇವನು ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಾನೆ.

ಇದಕ್ಕೆ ನೀವು ವಕೀಲರನ್ನು ಹುಡುಕುವ ಮೊದಲು ಹತ್ತು ರೂಪಾಯಿಯ ಪಾಕೆಟ್ ಪುಸ್ತಕ ಹುಡುಕಿ. ಒಬ್ಬೊಬ್ಬರಿಗೆ ಒಂದು. ಎಡಗಡೆ ತಾರೀಕು, ಸೈಟಿನ ಹೆಸರು, ಪೂರ್ತಿಯೋ ಅರ್ಧವೋ. ಬಲಗಡೆ ಕೈಗೆ ಬಂದ ಹಣ. ಬರೆಯಲು ಬಾರದವನು ಪೂರ್ತಿ ದಿನಕ್ಕೆ ಒಂದು ಉದ್ದ ಗೆರೆ, ಅರ್ಧಕ್ಕೆ ಗಿಡ್ಡ ಗೆರೆ ಎಳೆದರೂ ಆಯ್ತು. ಆದಿತ್ಯವಾರ ಕೇಂದ್ರಕ್ಕೆ ಬಂದಾಗ ಆ ಪುಟದ ಫೋಟೋ ತೆಗೆದು ಮೇಸ್ತ್ರಿಗೇ ವಾಟ್ಸಾಪ್ ಮಾಡಿಸಿ: 'ಅಣ್ಣ, ಈ ವಾರ ಐದೂವರೆ ಹಾಜರಿ, ಖರ್ಚಿ 700 ಬಂತು'. ಅಷ್ಟೇ. ಹೆಚ್ಚಿನ ಮೇಸ್ತ್ರಿಗಳು ಕೆಟ್ಟವರಲ್ಲ, ಅವರಿಗೂ ಮೇಲಿನ ಗುತ್ತಿಗೆದಾರ ಹಣ ಕೊಡದೆ ಸತಾಯಿಸುತ್ತಿರುತ್ತಾನೆ. ಆದರೆ ವಾರ ವಾರ ಮೆಸೇಜ್ ಹೋಗುತ್ತಿದ್ದರೆ ಕೊನೆಗೆ 128 ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಅಷ್ಟಾದ ಮೇಲೂ ತಕರಾರಾದರೆ ಕಾರ್ಮಿಕ ಇಲಾಖೆಯ ಕಚೇರಿ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಫ್ಯಾಕ್ಟರಿ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100. ಅಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ದಾಖಲೆ ಏನಿದೆ?', ಆಗ ಆ ಪಾಕೆಟ್ ಪುಸ್ತಕ ಮೇಜಿನ ಮೇಲೆ ಇಡುವುದು.

ಕಟ್ಟಡ ಕೆಲಸದವರಿಗೆ ಲೇಬರ್ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ, ಮಾಡಿಸಬಹುದು. ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಬೇರೆ ರಾಜ್ಯದವರಿಗೂ ಸಿಗುತ್ತದೆ. ಕಷ್ಟ ಇರುವುದು 90 ದಿನದ ಪ್ರಮಾಣಪತ್ರದಲ್ಲಿ, ಗುತ್ತಿಗೆದಾರ ಸಹಿ ಹಾಕಲು ಹಿಂದೇಟು ಹಾಕುತ್ತಾನೆ. ಮತ್ತೆ ಅದೇ ಪುಸ್ತಕ ಕೆಲಸಕ್ಕೆ ಬರುತ್ತದೆ, ನೋಡಿ. ದುಡ್ಡು ಕೊಟ್ಟರೆ ಕಾರ್ಡ್ ಮಾಡಿಕೊಡುತ್ತೇನೆ ಅನ್ನುವ ಏಜೆಂಟರನ್ನು ಕಟ್ಟಡದ ಹತ್ತಿರಕ್ಕೂ ಸೇರಿಸಬೇಡಿ. ಬೋಗಸ್ ಕಾರ್ಡ್ ಗಲಾಟೆಯಲ್ಲಿ ಇಲಾಖೆ ಸಾಕಷ್ಟು ಕಾರ್ಡ್ ರದ್ದು ಮಾಡಿದೆ, ಅದರಲ್ಲಿ ನಿಜವಾದ ಕೂಲಿಯವರೂ ಸಿಕ್ಕಿಬೀಳುತ್ತಾರೆ. ಮೀನಿನ ಕೆಲಸ, ಹೋಟೆಲ್, ಮನೆಗೆಲಸದವರಿಗೆ ಈ ಕಾರ್ಡ್ ಇಲ್ಲ, ಅವರಿಗೆ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಮಾಡಿಸಿ, 16ರಿಂದ 59 ವಯಸ್ಸಿನವರಿಗೆ ಅದು. ಫ್ಯಾಕ್ಟರಿಯವರಲ್ಲಿ ಪಿಎಫ್, ಇಎಸ್‌ಐ ಕಡಿತ ಆಗುತ್ತಿದೆಯಾ ಕೇಳಿ. ಎಷ್ಟೋ ಹುಡುಗರ ಪಿಎಫ್ ಹಣ ಮೂರು ನಾಲ್ಕು ಕಂಪನಿಗಳಲ್ಲಿ ಚೂರು ಚೂರಾಗಿ ಬಿದ್ದಿರುತ್ತದೆ, ಪಿಎಫ್‌ನ ಯುಎಎನ್ ನಂಬರ್ ಏನಂತಲೇ ಗೊತ್ತಿಲ್ಲ.

ಆರೋಗ್ಯದ ವಿಷಯಕ್ಕೆ ಬಂದರೆ, ನಮ್ಮ ಊರಲ್ಲಿ ಮಲೇರಿಯಾ ಮತ್ತು ಕಟ್ಟಡ ಕೆಲಸ ಹಳೇ ಜೋಡಿ. ಸೈಟಿನಲ್ಲಿ ನಿಂತ ನೀರು, ಕ್ಯೂರಿಂಗಿನ ನೀರು, ಶೆಡ್‌ನಲ್ಲಿ ಸೊಳ್ಳೆ ಪರದೆ ಇಲ್ಲ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು, ಮೆಡಿಕಲ್‌ನಿಂದ ಎರಡು ಗುಳಿಗೆ ನುಂಗಿ ಮಲಗುವುದಲ್ಲ. ಇದು ಎಲ್ಲರೂ ಹೇಳುವ ಮಾತು. ಕಡಿಮೆ ಜನ ಹೇಳುವ ಮಾತು ಇನ್ನೊಂದಿದೆ. ಇಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಮಲೇರಿಯಾಕ್ಕೆ ಮೊದಲ ಮೂರು ದಿನದ ಗುಳಿಗೆಯಲ್ಲೇ ಜ್ವರ ಇಳಿಯುತ್ತದೆ. ಆದರೆ ಲಿವರ್‌ನಲ್ಲಿ ಅಡಗಿ ಕೂತ ರೋಗಾಣುವಿಗೆ 14 ದಿನದ ಇನ್ನೊಂದು ಗುಳಿಗೆ ಕೊಡುತ್ತಾರೆ. ಜ್ವರ ಬಿಟ್ಟ ಕೂಡಲೇ ಹುಡುಗ ಕೆಲಸಕ್ಕೆ ಹೋಗುತ್ತಾನೆ, ಗುಳಿಗೆ ಅಲ್ಲೇ ಉಳಿಯುತ್ತದೆ. ಎರಡು ತಿಂಗಳ ಮೇಲೆ ಮತ್ತೆ ಚಳಿ ಜ್ವರ. ನಿಮ್ಮ ಮಂಡಲದ ಒಬ್ಬರು ದಿನಾ ಸಂಜೆ ಫೋನ್ ಮಾಡಿ 'ಗುಳಿಗೆ ನುಂಗಿದ್ಯಾ?' ಅಂತ ಹದಿನಾಲ್ಕು ದಿನ ಕೇಳಿದರೆ ಅದೇ ದೊಡ್ಡ ವೈದ್ಯಕೀಯ ಸೇವೆ. ಡಾಕ್ಟರ್ ಬೇಕಾಗಿಲ್ಲ ಅದಕ್ಕೆ. ಕ್ಷಯದ್ದೂ ಹಾಗೇ. ಕ್ಷಯ ರೋಗಿಗಳಿಗೆ ಸರಕಾರ ಕೊಡುವ ನಿಕ್ಷಯ್ ಐಡಿ ಇದ್ದರೆ ಒಡಿಶಾದಲ್ಲಿ ಶುರು ಮಾಡಿದ ಚಿಕಿತ್ಸೆಯನ್ನು ಇಲ್ಲಿ ಮುಂದುವರಿಸಬಹುದು, ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೆ ಅಂತ ಅಕೌಂಟಿಗೆ ಬರುತ್ತದೆ. ಆಯುಷ್ಮಾನ್ ಕಾರ್ಡ್ ಇರುವ ಜಾರ್ಖಂಡ್, ಬಿಹಾರದವರಿಗೆ ಇಲ್ಲಿನ ನೋಂದಾಯಿತ ಆಸ್ಪತ್ರೆಗಳಲ್ಲೂ ಅದು ನಡೆಯುತ್ತದೆ. ದೊಡ್ಡ ಪೆಟ್ಟಾದರೆ ವೆನ್ಲಾಕ್, ಹೆರಿಗೆಗೆ ಲೇಡಿಗೋಷನ್, ಇದು ನಿಮಗೆ ಗೊತ್ತೇ ಇದೆ. ಜೊತೆಗೆ ಒಬ್ಬ ಮನುಷ್ಯ ಹೋಗಬೇಕು, ಅದು ಮುಖ್ಯ. ಚೀಟಿ ಯಾವ ಕೌಂಟರಿನಲ್ಲಿ, ಸ್ಕ್ಯಾನಿಂಗ್ ಯಾವ ಬ್ಲಾಕಿನಲ್ಲಿ ಅಂತ ನಮಗೇ ತಲೆ ತಿರುಗುತ್ತದೆ.

ಹೇಳಲು ಕಷ್ಟವಾದ ಇನ್ನೊಂದು ಸೇವೆ ಇದೆ. ಯಾರಾದರೂ ಇಲ್ಲಿ ತೀರಿಹೋದರೆ ಶವ ಊರಿಗೆ ಕಳಿಸುವುದು. ಪೊಲೀಸ್ ಮಹಜರು, ಮರಣೋತ್ತರ ಪರೀಕ್ಷೆ, ಎಂಬಾಮಿಂಗ್ ಸರ್ಟಿಫಿಕೇಟ್, ವಿಮಾನದ ಕಾರ್ಗೋ, ಎಲ್ಲ ಒಂದೂವರೆ ದಿನದಲ್ಲಿ ಆಗಬೇಕು. ಜೊತೆಗಿದ್ದ ಹುಡುಗರು ಏನೂ ತೋಚದೆ ನಿಂತಿರುತ್ತಾರೆ. ಇದರ ಹಂತಗಳನ್ನು, ಫೋನ್ ನಂಬರ್‌ಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಒಂದು ಸಣ್ಣ ತುರ್ತು ನಿಧಿಯೂ ಇರಲಿ. ಜಾರ್ಖಂಡ್ ಸರಕಾರದ್ದು ರಾಂಚಿಯಲ್ಲಿ ವಲಸೆ ಕಾರ್ಮಿಕರಿಗೇ ಒಂದು ಕಂಟ್ರೋಲ್ ರೂಮ್ ಇದೆ, ಅಲ್ಲಿಗೆ ಒಂದು ಕರೆ ಹೋದರೆ ಅವರ ಕಡೆಯ ಕೆಲಸ ಬೇಗ ಆಗುತ್ತದೆ.

ಉತ್ತರ ಕರ್ನಾಟಕದವರ ಕತೆ ಬೇರೆ. ಅವರು ಗಂಡ, ಹೆಂಡತಿ, ಮಕ್ಕಳು ಸಮೇತ ಬರುತ್ತಾರೆ. ಇವರಿಗೆ ಬೇಕಾದ್ದು ಮಕ್ಕಳ ವ್ಯವಸ್ಥೆ. ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸಿ ಚಿಕ್ಕ ಮಗುವನ್ನು ನೋಡಿಕೊಳ್ಳಲು ಕೂರಿಸುತ್ತಾರೆ. ಹಾಗಾಗಿ ಶಾಲೆಗೆ ಸೇರಿಸಿ ಅಂತ ಅಪ್ಪ ಅಮ್ಮನಿಗೆ ಬುದ್ಧಿ ಹೇಳುವ ಮೊದಲು ಚಿಕ್ಕ ಮಗುವಿಗೆ ಅಂಗನವಾಡಿಯಲ್ಲಿ ಜಾಗ ಮಾಡಿಸಿ, ಆಗ ಅಕ್ಕನಿಗೆ ಬಿಡುಗಡೆ. ಅಂಗನವಾಡಿಗೆ ಸೇರಿಸಲು ಈ ಊರಿನ ರೇಷನ್ ಕಾರ್ಡ್ ಬೇಕಿಲ್ಲ. ಶಾಲೆಯಲ್ಲಿ ಟಿಸಿ ಇಲ್ಲ, ಜನನ ಪತ್ರ ಇಲ್ಲ ಅಂತ 6ರಿಂದ 14 ವರ್ಷದ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟ ಇದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹಿಂದೆ ಕರ್ನಾಟಕದಲ್ಲೇ ಓದಿದ್ದರೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ನಂಬರ್) ಇರುತ್ತದೆ, ಅದನ್ನು ತಾಯಿಯ ಫೋನಿನಲ್ಲಿ ಸೇವ್ ಮಾಡಿಸಿ. ಮುಂಗಾರು ಬಿತ್ತನೆಗೆ ಊರಿಗೆ ಹೋಗಿ, ದೀಪಾವಳಿ ಕಳೆದು ಇನ್ನೊಂದು ಸೈಟಿಗೆ ಬರುವ ಮಕ್ಕಳಿಗೆ ಆ ನಂಬರೇ ಗಟ್ಟಿ. ಹೊರ ರಾಜ್ಯದ ಮಕ್ಕಳಿಗೆ ಸಂಜೆ ಒಂದು ಗಂಟೆ ಕನ್ನಡ ಕಲಿಸುವವರು ಬೇಕು. ನಿಮ್ಮಲ್ಲಿ ನಿವೃತ್ತ ಟೀಚರ್ ಯಾರಾದರೂ ಇದ್ದಾರಾ? ಇದ್ದೇ ಇರುತ್ತಾರೆ, ದಕ್ಷಿಣ ಕನ್ನಡದಲ್ಲಿ ಗಲ್ಲಿಗೆ ಇಬ್ಬರು.

ದೊಡ್ಡವರ ಕನ್ನಡ ತರಗತಿ ಬಗ್ಗೆ ಒಂದು ಮಾತು. ಅ ಆ ಇ ಈ ಯಿಂದ ಶುರು ಮಾಡಿದರೆ ಎರಡನೇ ವಾರ ಹಾಲ್ ಖಾಲಿ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಸ್ಟೇಷನ್ನಿನಲ್ಲಿ ಬೇಕಾಗುವ ಮಾತು ಮೊದಲು. ಬೋರ್ಡ್ ಓದುವುದು ಆಮೇಲೆ. ಕಂಡಕ್ಟರ್ ಮಾತಾಡುವುದು ತುಳು, ಆದ್ದರಿಂದ ನಾಲ್ಕು ತುಳು ಮಾತೂ ಇರಲಿ. ಪಕ್ಕದ ಕೇರಳದಲ್ಲಿ ಸಾಕ್ಷರತಾ ಮಿಷನ್‌ನವರು 2017ರಲ್ಲಿ ಪೆರುಂಬಾವೂರಿನಲ್ಲಿ 'ಚಂಙಾತಿ' ಅಂತ ಇಂಥದ್ದೇ ಕೆಲಸ ಶುರು ಮಾಡಿದರು, ವಲಸೆ ಕಾರ್ಮಿಕರಿಗೆ ಮಲಯಾಳ ಕಲಿಸಲು ಪಠ್ಯವನ್ನೇ ತಯಾರಿಸಿದರು. ನಮ್ಮಲ್ಲಿ ರಾಜ್ಯೋತ್ಸವಕ್ಕೆ 'ಕನ್ನಡ ಕಲಿಯಿರಿ' ಅಂತ ಬ್ಯಾನರ್ ಹಾಕುವಷ್ಟು ಜನ ಕಲಿಸಲಿಕ್ಕೆ ಕೂರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಸಾಂಸ್ಕೃತಿಕ ಕಾರ್ಯಕ್ರಮ. ಆರು ತಿಂಗಳು ಮೇಜು ಸರಿಯಾಗಿ ನಡೆದರೆ ಇದು ತನ್ನಿಂದ ತಾನೇ ಹುಟ್ಟುತ್ತದೆ. ಒಂದು ರಾತ್ರಿ ಯಾರೋ ಬಂದು ಕೇಳುತ್ತಾರೆ, 'ಭಯ್ಯಾ, ಛಠ್ ಬರುತ್ತಿದೆ, ಮೈದಾನ ಸಿಗುತ್ತದಾ?' ಆಗ ಹೂಂ ಅನ್ನಿ. ಛಠ್ ಪೂಜೆಗೆ ಹಾಲ್ ಬೇಡ, ನೀರು ಬೇಕು. ದೀಪಾವಳಿ ಕಳೆದು ಆರನೇ ದಿನ ಮುಳುಗುವ ಸೂರ್ಯನಿಗೆ, ಮರುದಿನ ಹುಟ್ಟುವ ಸೂರ್ಯನಿಗೆ ನೀರಲ್ಲಿ ನಿಂತು ಅರ್ಘ್ಯ ಕೊಡಬೇಕು. ಪಣಂಬೂರಿನ ಅಲೆ ಹೊಸಬರಿಗೆ ಅಪಾಯ. ಹೊಳೆಬದಿಯಲ್ಲಿ ಆಳ ಇಲ್ಲದ, ಇಳಿಯಲು ಸುಲಭ ಇರುವ ಜಾಗ ತೋರಿಸಿ, ನಿಮ್ಮ ಈಜು ಬಲ್ಲ ಹುಡುಗರು ನಾಲ್ಕು ಜನ ನಿಂತಿರಲಿ. ಅದೇ ನಿಮ್ಮ ಪಾಲಿನ ಕಾರ್ಯಕ್ರಮ. ಮೈಕ್ ಹಿಡಿಯುವುದು ಬೇಡ.

ನೀವಾಗಿಯೇ ಒಂದು ದಿನ ಆರಿಸುವುದಾದರೆ ನಾನು ಬಿಸು ಅನ್ನುತ್ತೇನೆ. ನಾವು ಬಿಸು ಕಣಿ ಇಡುವ ಏಪ್ರಿಲ್ ನಡುವಿನ ಆ ಒಂದೆರಡು ದಿನದಲ್ಲೇ ಅಸ್ಸಾಮಿನವರಿಗೆ ಬಿಹು, ಒಡಿಶಾದವರಿಗೆ ಪಣಾ ಸಂಕ್ರಾಂತಿ, ಬಂಗಾಳಿಗಳಿಗೆ ಪೊಯಿಲಾ ಬೋಯಿಶಾಖ್. ಎಲ್ಲರಿಗೂ ಹೊಸ ವರ್ಷ. ಅವತ್ತು ಊಟ ಒಟ್ಟಿಗೆ ಮಾಡಿ, ಆದರೆ ಕೇಟರಿಂಗ್‌ನವರ ಅನ್ನ ಸಾಂಬಾರ್ ತರಿಸಬೇಡಿ. ಮೂರು ಒಲೆ, ದೊಡ್ಡ ಪಾತ್ರೆ, ಸಾಮಾನು ಕೊಟ್ಟು ಅಡುಗೆ ಅವರ ಕೈಗೆ ಬಿಡಿ. ಒಡಿಶಾದ ಹುಡುಗರು ಬಿಲ್ವದ ಹಣ್ಣಿನ ಪಾನಕ ಮಾಡುತ್ತಾರೆ, ಹಣ್ಣು ಹುಡುಕಿ ಕೊಡುವುದು ನಿಮ್ಮ ಕೆಲಸ. ಕೊಪ್ಪಳದ ಅಕ್ಕಂದಿರು ಜೋಳದ ರೊಟ್ಟಿ ತಟ್ಟುವುದನ್ನು ನಿಮ್ಮ ಮಹಿಳಾ ಮಂಡಲದವರು ಹತ್ತಿರ ಕೂತು ನೋಡಲಿ. ಎರಡು ಕೈಯಲ್ಲಿ ತಿರುಗಿಸಿ ತಿರುಗಿಸಿ ತಟ್ಟುವಾಗ ಅದು ಕಾವಲಿಯಷ್ಟು ಅಗಲ ಆಗುತ್ತದೆ, ಅಂಚು ಒಡೆಯುವುದಿಲ್ಲ, ಮೇಲೆ ನೀರು ಸವರುವ ಬಟ್ಟೆಯ ತುಂಡನ್ನು ಕಣ್ಣು ಹಾಯಿಸದೇ ತೆಗೆದುಕೊಳ್ಳುತ್ತಾರೆ. ನಮ್ಮವರು ಮಾಡಲು ಹೋದರೆ ಮೂರನೆಯದಕ್ಕೆ ಹರಿದು ಕೈಯಲ್ಲಿ ಬರುತ್ತದೆ. ಆಗ ನಗು ಶುರುವಾಗುತ್ತದೆ ನೋಡಿ, ಮತ್ತೆ ಪರಿಚಯ ಭಾಷಣ ಯಾಕೆ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಫೆಬ್ರವರಿಯ ಎರಡನೇ ವಾರ ನಮ್ಮಲ್ಲಿ ಕೆಡ್ಡಸ. ಮೂರು ದಿನ ಭೂಮಿ ತಾಯಿ ಮುಟ್ಟಾಗುತ್ತಾಳೆ ಅಂತ ಮಣ್ಣು ಅಗೆಯುವುದಿಲ್ಲ, ಹುರಿದ ಅಕ್ಕಿ, ಹುರುಳಿಗೆ ಬೆಲ್ಲ ತೆಂಗಿನಕಾಯಿ ಸೇರಿಸಿ ನನ್ನೆರಿ ತಿನ್ನುತ್ತೇವೆ, ಕೊನೆಗೆ ಎಣ್ಣೆ, ಸೀಗೆ ಇಟ್ಟು ಅವಳಿಗೆ ಸ್ನಾನ. ಒಡಿಶಾದಲ್ಲಿ ಜೂನ್ ನಡುವೆ ರಜ ಪರ್ವ. ಅಲ್ಲೂ ಮೂರು ದಿನ ಭೂಮಿಗೆ ಮುಟ್ಟು, ಉಳುಮೆ ಇಲ್ಲ, ಹೆಣ್ಣುಮಕ್ಕಳಿಗೆ ಕೆಲಸ ಇಲ್ಲ, ಜೋಕಾಲಿ, ಪೋಡ ಪಿಠಾ ಅನ್ನುವ ಸುಟ್ಟ ಸಿಹಿ ಕಡುಬು, ನಾಲ್ಕನೇ ದಿನ ಭೂಮಿಗೆ ಸ್ನಾನ. ಸಾವಿರ ಮೈಲಿ ದೂರದ ಎರಡು ಕರಾವಳಿ! ಇದನ್ನು ಒಬ್ಬ ಒಡಿಶಾದ ಹುಡುಗನಿಗೆ ಹೇಳಿ ನೋಡಿ, ಅವನು ಫೋನ್ ತೆಗೆದು ತಂಗಿಯ ಜೋಕಾಲಿ ಫೋಟೋ ತೋರಿಸುತ್ತಾನೆ. ಜೋಕಾಲಿ ಅಂದರೆ ಬಾಗಲಕೋಟೆಯವರೂ ಕಿವಿ ನಿಮಿರಿಸುತ್ತಾರೆ, ಅವರಿಗೆ ನಾಗರಪಂಚಮಿಗೆ ಅದು ಬೇಕೇ ಬೇಕು, ಜೊತೆಗೆ ಶೇಂಗಾ ಉಂಡಿ. ನಿಮ್ಮ ಮೈದಾನದ ಬದಿಯ ಮರಕ್ಕೆ ಒಂದು ಗಟ್ಟಿ ಹಗ್ಗ ಕಟ್ಟಿದರೆ ಎರಡು ಹಬ್ಬ ಆಯ್ತು. ನೀವು ಪ್ರತಿ ವರ್ಷ ಆಟಿ ತಿಂಗಳಲ್ಲಿ 'ಆಟಿಡೊಂಜಿ ದಿನ' ಮಾಡುವವರೇ ಆಗಿರುತ್ತೀರಿ. ಈ ಸಲ ಪತ್ರೊಡೆ ಪಕ್ಕದಲ್ಲಿ ಶೇಂಗಾ ಉಂಡಿ ಇಡಿ, ಎರಡೂ ಹೆಚ್ಚು ಕಡಿಮೆ ಒಂದೇ ಕಾಲದ ತಿಂಡಿ.

ಕುಣಿತದ ಬಗ್ಗೆ ಸ್ವಲ್ಪ ಹುಷಾರು. 'ಆದಿವಾಸಿ ನೃತ್ಯ' ಅಂತ ಬೋರ್ಡ್ ಹಾಕಿ ಹುಡುಗರಿಗೆ ಎಲೆ ಕಟ್ಟಿಸಿ ಕುಣಿಸಬೇಡಿ. ನಿಮ್ಮಲ್ಲಿಗೆ ಬರುವವರಲ್ಲಿ ಸರಾಯ್‌ಕೇಲಾ, ಪುರುಲಿಯಾ, ಮಯೂರ್‌ಭಂಜ್ ಕಡೆಯವರು ಇದ್ದರೆ ಛೌ ಗೊತ್ತಿರುವವರು ಸಿಗಬಹುದು. ಅದು ಯಕ್ಷಗಾನದ ಹಾಗೇ ಪುರಾಣದ ಕತೆ ಹೇಳುವ, ವೀರ ಹೆಜ್ಜೆಯ, ಕಠಿಣ ಅಭ್ಯಾಸ ಬೇಡುವ ಕಲೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಅಂಥವರು ಸಿಕ್ಕರೆ ನಿಮ್ಮ ಯಕ್ಷಗಾನ ಕಲಿಯುವ ಮಕ್ಕಳ ಜೊತೆ ಒಂದು ಸಂಜೆ ಕೂರಿಸಿ, ನಮ್ಮ ಮಹಿಷಾಸುರ ಹೇಗೆ ಬರುತ್ತಾನೆ, ಅವರ ಮಹಿಷಾಸುರ ಹೇಗೆ ಬರುತ್ತಾನೆ ಅಂತ ಎರಡೂ ನೋಡಲಿ. ದೊಡ್ಡ ಸೌಂಡ್ ಸಿಸ್ಟಮ್‌ಗೆ ಹಾಕುವ ದುಡ್ಡಲ್ಲಿ ಒಂದು ಮಾದಲ್ (ಅವರ ಕಡೆಯ ಡೋಲು), ಒಂದು ಢೋಲಕ್ ತಂದಿಡಿ. ಆದಿತ್ಯವಾರ ಮಧ್ಯಾಹ್ನ ಅದರ ಸದ್ದಿಗೇ ಜನ ಬರುತ್ತಾರೆ. ಆಟ ಅಂದರೆ ಜಾರ್ಖಂಡ್, ಒಡಿಶಾದವರಿಗೆ ಫುಟ್‌ಬಾಲ್, ಹಾಕಿ ಜೀವ. ನಿಮ್ಮ ಅಂಡರ್‌ಆರ್ಮ್ ಕ್ರಿಕೆಟ್ ಹುಚ್ಚನ್ನು ಒಂದು ವಾರ ಬದಿಗಿಟ್ಟು ಫುಟ್‌ಬಾಲ್ ಇಡಿ, ತಂಡಗಳನ್ನು ರಾಜ್ಯವಾರು ಮಾಡದೆ ಚೀಟಿ ಎತ್ತಿ ಮಾಡಿ. ರಾಜ್ಯವಾರು ಮಾಡಿದರೆ ಎರಡನೇ ಪಂದ್ಯಕ್ಕೆ ಹೊಡೆದಾಟ.

ಅಪ್ರಿಯ ಆದರೂ ಹೇಳಲೇಬೇಕಾದದ್ದು ಎರಡಿದೆ. ನಿಮ್ಮ ಕಟ್ಟಡ ಭಜನಾ ಮಂದಿರಕ್ಕೆ ತಾಗಿಕೊಂಡಿದ್ದರೆ ಬಂಗಾಳದ, ಜಾರ್ಖಂಡಿನ ಮುಸ್ಲಿಮ್ ಹುಡುಗರು, ಕ್ರಿಶ್ಚಿಯನ್ ಆದಿವಾಸಿಗಳು ಒಳಗೆ ಬರಲು ಹಿಂಜರಿಯುತ್ತಾರೆ. ಬೇರೆ ಬಾಗಿಲು, ಬೇರೆ ಬೋರ್ಡ್, ಎಲ್ಲರಿಗೂ ಬರಬಹುದು ಅಂತ ಬಾಯಿಬಿಟ್ಟು ಹೇಳುವುದು, ಇದಿಲ್ಲದೆ ಆಗುವುದಿಲ್ಲ. ಮಂಡಲದ ಸಭೆಯಲ್ಲಿ ಇದನ್ನು ಮೊದಲೇ ತೀರ್ಮಾನ ಮಾಡಿ, ಆಮೇಲೆ ಗುಸುಗುಸು ಬೇಡ. ಇನ್ನೊಂದು, ಬಂಗಾಳಿ ಮಾತಾಡಿದ ಕೂಡಲೇ 'ಬಾಂಗ್ಲಾದವನಾ?' ಅಂತ ತಡೆದು ಕೇಳುವ ಚಾಳಿ ಈಗ ಜಾಸ್ತಿ ಆಗಿದೆ. ಪೌರತ್ವ ತಪಾಸಣೆ ನಿಮ್ಮ ಕೆಲಸ ಅಲ್ಲ, ನಿಮ್ಮ ಹುಡುಗರ ಕೆಲಸವೂ ಅಲ್ಲ. ಅದಕ್ಕೆ ಪೊಲೀಸರಿದ್ದಾರೆ. ಠಾಣೆಗೆ ಒಮ್ಮೆ ಪತ್ರ ಕೊಟ್ಟು ಕೇಂದ್ರದ ವಿಷಯ ತಿಳಿಸಿ, ಆದರೆ ಬಂದವರ ಪಟ್ಟಿ ಮಾಡಿ ಒಪ್ಪಿಸುವ ಒಪ್ಪಂದ ಮಾಡಿಕೊಳ್ಳಬೇಡಿ. ಯಾರಾದರೂ ಬೀದಿಯಲ್ಲಿ ಹಿಡಿದು ಹೊಡೆದರೆ 112ಕ್ಕೆ ಕರೆ ಮಾಡಿ ಅಂತ ಹುಡುಗರಿಗೆ ಹೇಳಿಕೊಟ್ಟಿರಿ, ನಿಮ್ಮ ನಂಬರನ್ನೂ ಕೊಟ್ಟಿರಿ. ಹೆಂಗಸರಿಗೆ 181, ಮಕ್ಕಳ ವಿಷಯಕ್ಕೆ 1098.

ದುಡ್ಡು ಎಷ್ಟು ಬೇಕು ಅಂತ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. ಕಟ್ಟಡ ಇದೆ, ಹಾಗಾಗಿ ಖರ್ಚು ಅಂದರೆ ಕರೆಂಟ್, ಇಂಟರ್‌ನೆಟ್, ಪ್ರಿಂಟರ್ ಇಂಕ್, ಮೇಜಿನಲ್ಲಿ ಕೂರುವವರಿಗೆ ಒಂದು ಗೌರವಧನ. ಸ್ವಯಂಸೇವಕರನ್ನೇ ನಂಬಿದರೆ ಮೂರನೇ ತಿಂಗಳಿಗೆ ಬೀಗ. ಆ ಹುದ್ದೆಗೆ ವಲಸೆ ಬಂದವರಲ್ಲೇ ಒಬ್ಬರನ್ನು ಹುಡುಕಿ, ಇಲ್ಲಿ ಹತ್ತು ವರ್ಷ ಇದ್ದು ಕನ್ನಡ, ತುಳು ಕಲಿತವರು ಸಿಗುತ್ತಾರೆ. ಕಂಪನಿಗಳ ಸಿಎಸ್‌ಆರ್ ಹಿಂದೆ ಮೊದಲ ವರ್ಷವೇ ಓಡಬೇಡಿ, ಅವರಿಗೆ ಫೋಟೋ ಬೇಕು, ವರದಿ ಬೇಕು, ಮತ್ತೆ ನೀವು ವೇದಿಕೆ, ಶಾಲು, ಹಣ್ಣಿನ ಬುಟ್ಟಿಗೇ ವಾಪಸ್. ಕುಡಿಯುವ ನೀರು, ಒಂದು ಶುಚಿಯಾದ ಶೌಚಾಲಯ, ಎಂಟು ಹತ್ತು ಚಾರ್ಜಿಂಗ್ ಪಾಯಿಂಟ್, ಇಷ್ಟು ಮೊದಲ ದಿನದಿಂದ ಇರಲಿ. ಶೆಡ್‌ನಲ್ಲಿ ಇರುವ ಹೆಂಗಸರಿಗೆ ಆ ಶೌಚಾಲಯದ ಬೆಲೆ ಗೊತ್ತು.

ಜೂನ್‌ನಲ್ಲಿ ಶುರು ಮಾಡಬೇಡಿ. ಮಳೆಗೆ ಸೈಟ್ ಕೆಲಸ ಇಳಿಯುತ್ತದೆ, ಬಿತ್ತನೆಗೆ ಅಂತ ಊರಿಗೆ ಹೋಗುತ್ತಾರೆ, ಜೂನ್ ಜುಲೈ ಎರಡು ತಿಂಗಳು ಟ್ರಾಲ್ ಬೋಟ್ ನಿಷೇಧ ಇರುವುದರಿಂದ ಮಂಗಳೂರಿನ ಮೀನುಗಾರಿಕಾ ದಕ್ಕೆಯಲ್ಲೂ ಮಲ್ಪೆ ಬಂದರಿನಲ್ಲೂ ಜನ ಇಲ್ಲ. ಸೆಪ್ಟೆಂಬರ್ 17ಕ್ಕೆ ವಿಶ್ವಕರ್ಮ ಪೂಜೆ, ಬಂಗಾಳ, ಬಿಹಾರ, ಜಾರ್ಖಂಡಿನ ಕೆಲಸಗಾರರು ಎಲ್ಲೇ ಇದ್ದರೂ ಅವತ್ತು ಉಪಕರಣಗಳಿಗೆ ಪೂಜೆ ಮಾಡುತ್ತಾರೆ. ಹೆಚ್ಚಿನ ಕಡೆ ಕೆಲಸಕ್ಕೆ ರಜೆ ಹಾಕುತ್ತಾರೆ. ಅದರ ಹಿಂದಿನ ಆದಿತ್ಯವಾರ ಹತ್ತಿರದ ಶೆಡ್‌ಗಳಿಗೆ ಹೋಗಿ ನಿಮ್ಮ ಹೊತ್ತು, ನಂಬರ್ ಹೇಳಿ ಬನ್ನಿ, ಪೂಜೆಯ ಪ್ರಸಾದಕ್ಕೆ ಅವರು ಕರೆದರೆ ಹೋಗಿ. ಮರುದಿನ ರಾತ್ರಿ ಏಳೂವರೆಗೆ ಬಾಗಿಲು ತೆರೆಯಿರಿ. ಮೊದಲ ತಿಂಗಳು ದಿನಕ್ಕೆ ಇಬ್ಬರು ಬಂದರೂ ಸಾಕು, ಅವರ ಆಧಾರ್‌ನ ಮೊಬೈಲ್ ನಂಬರ್ ಸರಿ ಮಾಡಿಸಿ, ರೇಷನ್ ಅಂಗಡಿಗೆ ಜೊತೆಯಲ್ಲಿ ಹೋಗಿ ಬನ್ನಿ. ಅಂಗಡಿಯವರು ಬೆರಳು ಹಿಡಿಯುವುದಿಲ್ಲ ಅಂದರೆ ಆಹಾರ ಇಲಾಖೆಯ ಶಿರಸ್ತೇದಾರರನ್ನು ಕೇಳಿ, ಕಣ್ಣಿನ ಸ್ಕ್ಯಾನರ್ ಯಾವ ಅಂಗಡಿಯಲ್ಲಿ ಇದೆ ಅಂತ ಅವರಿಗೆ ಗೊತ್ತಿರುತ್ತದೆ.